ಕಲ್ಗೋಟೆಗೆ ಬಂದ ಭೌತಶಾಸ್ತ್ರದ ಮೇಷ್ಟರು

ಕಲ್ಗೋಟೆಯ ಬೀದಿಗಳಲ್ಲಿ ಡಂಗುರ ಸಾರಿದರು: "ದೊರೆ ಮಲ್ಲರಸರ ಪ್ರೌಢಶಾಲೆಗೆ ಭೌತಶಾಸ್ತ್ರದ ಮೇಷ್ಟರು ಬೇಕಾಗಿದ್ದಾರೆ. ರಾಜಕುಮಾರಿ ಕೇಳುವ ಮೂರು ಒಗಟು ಬಿಡಿಸಿದವರಿಗೆ ಶಾಲೆ, ಮನೆ, ತೋಟ. ತಪ್ಪಿದವರಿಗೆ ತಲೆದಂಡ."

ಮೇಷ್ಟರ ಕೆಲಸಕ್ಕೆ ತಲೆದಂಡವೇಕೆ ಎಂದು ಜನ ಬೆರಗಾದರು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನೇಕಾರರ ಮನೆಯ ಬೊಮ್ಮಯ್ಯ ತನ್ನ ಹಳ್ಳಿಯ ಚಾವಡಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ. ಸುದ್ದಿ ಕೇಳಿ ಅವನು ಕಲ್ಗೋಟೆಗೆ ಹೊರಟು ನಿಂತಾಗ ತಾಯಿ ಅತ್ತಳು. ತನಗೆ ಚೆನ್ನಾಗಿ ಬರುವ ಕೆಲಸ ಇದೊಂದೇ, ಹೆದರಬೇಡ ಎಂದು ಸಮಾಧಾನ ಹೇಳಿ ಬಂದ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರು ಪಂಡಿತರು ನಿಂತಿದ್ದರು. ರಾಜಕುಮಾರಿ ಹೊನ್ನಾಜಿ ಮೊದಲನೆಯವನನ್ನು ಕೇಳಿದಳು: "ಅವಳಿಗಳು ಒಂದೇ ಗಳಿಗೆಯಲ್ಲಿ ಹುಟ್ಟಿ ಒಟ್ಟಿಗೇ ಹೊರಡುತ್ತಾರೆ. ಒಬ್ಬ ಥಟ್ಟನೆ ಬಂದು ಮುಖ ತೋರಿಸುತ್ತಾನೆ. ಇನ್ನೊಬ್ಬ ತಡವಾಗಿ ಕೂಗುತ್ತ ಬರುತ್ತಾನೆ. ಯಾರವರು?"

ಸೂರ್ಯ ಚಂದ್ರರು ಎಂದ ಪಂಡಿತನನ್ನು ಕಾವಲಿನವರು ಸೆರೆಮನೆಗೆ ಎಳೆದೊಯ್ದರು. ಎರಡನೆಯವನು ಹಗಲು ರಾತ್ರಿ ಎಂದು ಅದೇ ದಾರಿ ಹಿಡಿದ. ಅದೇ ಒಗಟು ಬೊಮ್ಮಯ್ಯನಿಗೂ ಬಂತು. ಮೊದಲ ಸಲ ಕೇಳುತ್ತಲೇ ಅವನಿಗೆ ಉತ್ತರ ಹೊಳೆದಿತ್ತು.

"ಮಿಂಚು, ಗುಡುಗು. ಬೆಳಕಿನ ಓಟ ಶಬ್ದಕ್ಕಿಲ್ಲ. ಹೊಳೆಯಾಚೆ ಬಟ್ಟೆ ಒಗೆಯುವವರನ್ನು ನೋಡಿ, ಬಟ್ಟೆ ಕಲ್ಲಿಗೆ ಬಿದ್ದದ್ದು ಕಂಡ ಮೇಲೆ ಸದ್ದು ಬರುತ್ತದೆ" ಎಂದ.

"ಸೂಜಿಮೊನೆಯಷ್ಟು ತೂತಿನಲ್ಲಿ ಆನೆ ಒಳಗೆ ಬಂದು ಗೋಡೆಯ ಮೇಲೆ ತಲೆಕೆಳಗಾಗಿ ನಿಲ್ಲುತ್ತದೆ. ಹೇಗೆ?" ಎಂದು ಎರಡನೆಯದನ್ನು ಕೇಳಿದಳು ಹೊನ್ನಾಜಿ.

ಬಿಸಿಲಲ್ಲಿ ನಿಂತ ಆನೆಯ ಬಿಂಬ ಕತ್ತಲೆ ಕೋಣೆಯೊಳಗೆ ಬೀಳುವುದು ಹಾಗೇ, ಎಂದ ಬೊಮ್ಮಯ್ಯ. ಬೆಳಕು ನೆಟ್ಟಗೆ ಸಾಗುವುದರಿಂದ ಆನೆಯ ತಲೆಯಿಂದ ಹೊರಟದ್ದು ತೂತು ದಾಟಿ ಕೆಳಗೆ ಬೀಳುತ್ತದೆ, ಕಾಲಿನದು ಮೇಲೇರುತ್ತದೆ ಎಂದು ವಿವರಿಸಿದ.

ಮೂರನೆಯದನ್ನು ಕೇಳಲು ಹೊನ್ನಾಜಿ ಎದ್ದು ನಿಂತಳು. "ಊದದೆ ದೀಪ ಆರಿಸುತ್ತಾನೆ, ಮುಟ್ಟದೆ ಕೊಲ್ಲುತ್ತಾನೆ. ಯಾರು? ಇದರ ಉತ್ತರ ನನಗೂ ಗೊತ್ತಿಲ್ಲ. ನಮ್ಮಣ್ಣ ಪಾಳುಬಾವಿಗೆ ದೀಪ ಇಳಿಬಿಟ್ಟಾಗ ಆರಿತು. ಗಾಳಿಗೆ ಆರಿದೆ, ಇಳಿಯಿರಿ ಅಂದರು ಆಗಿನ ಮೇಷ್ಟರು. ಇಳಿದವನು ಮೇಲೆ ಬರಲಿಲ್ಲ."

ಬೊಮ್ಮಯ್ಯನಿಗೆ ಉತ್ತರ ಗೊತ್ತಿತ್ತು. ಬಾಯಲ್ಲಿ ಹೇಳಿದರೆ ಅದೂ ಇನ್ನೊಬ್ಬ ಮೇಷ್ಟರ ಮಾತಾದೀತು ಅನ್ನಿಸಿತು. ಎರಡು ಹಣತೆ ಹಚ್ಚಿಸಿ, ಒಂದು ಚಿಕ್ಕ, ಒಂದು ದೊಡ್ಡ ಗಾಜಿನ ಭರಣಿ ತರಿಸಿದ. "ನೀವೇ ಕವುಚಿ ಹಾಕಿ, ಅಮ್ಮಣ್ಣಿ."

ಚಿಕ್ಕ ಭರಣಿಯೊಳಗಿನ ದೀಪ ಬೇಗ ಆರಿತು. ದೊಡ್ಡದರೊಳಗಿನದು ಇನ್ನಷ್ಟು ಹೊತ್ತು ಉರಿದು, ಸಣ್ಣಗಾಗಿ ಆರಿತು.

"ಒಳಗೆ ಯಾರೂ ಊದಲಿಲ್ಲ" ಎಂದಳು ಹೊನ್ನಾಜಿ ಮೆಲ್ಲಗೆ. "ದೀಪಕ್ಕೆ ಬೇಕಾದದ್ದು ಗಾಳಿಯಲ್ಲಿದೆ. ಅದು ಮುಗಿದರೆ ಆರುತ್ತದೆ." ಆರಿದ ದೀಪದ ಭರಣಿ ಎತ್ತಿ, "ಬಾವಿಯ ತಳದಲ್ಲಿ ಕೆಟ್ಟ ಗಾಳಿ ತುಂಬಿತ್ತು. ಉಸಿರಿಗೆ ಬೇಕಾದದ್ದು ಅಲ್ಲಿರಲಿಲ್ಲ" ಎಂದಳು.

"ಕೊಂದದ್ದು ಅದೇ, ಅಮ್ಮಣ್ಣಿ" ಎಂದ ಬೊಮ್ಮಯ್ಯ.

ಉತ್ತರ ಹೇಳಿದ್ದು ರಾಜಕುಮಾರಿ, ಇವನಲ್ಲ, ಆದ್ದರಿಂದ ಇವನಿಗೂ ತಲೆದಂಡವೇ ಎಂದು ಪ್ರಧಾನಿ ತಕರಾರು ತೆಗೆದ.

ಮಲ್ಲರಸ ಕಣ್ಣೊರೆಸಿಕೊಂಡ. "ನನ್ನ ಮಗನಿಗೆ ಹೀಗೆ ಕಲಿಸುವವರು ಸಿಕ್ಕಿದ್ದರೆ ಅವನು ಬಾವಿಗೆ ಇಳಿಯುತ್ತಿರಲಿಲ್ಲ. ಶಾಲೆ ಈತನದು."

ಬೊಮ್ಮಯ್ಯ ಮನೆ ತೋಟದ ಜೊತೆಗೆ ಸೆರೆಯಲ್ಲಿದ್ದ ಇಬ್ಬರ ಪ್ರಾಣಭಿಕ್ಷೆಯನ್ನೂ ಕೇಳಿ ಪಡೆದ. ಪಾಠ ಶುರುವಾದ ದಿನ ಹೊನ್ನಾಜಿ ಮುಂದಿನ ಸಾಲಿನಲ್ಲಿ ಕೂತಳು. ಪಂಡಿತರಿಬ್ಬರೂ ಹಿಂದಿನ ಸಾಲಿನಿಂದ ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಕೇಳಿದರು.