ಲಾವಂಚದ ಘಮ ಬೇರಿಗೆ ಸೇರಿದ್ದು

ಲೋಕ ಆಗ ಹೊಸದು. ಹೊಸ ಅಂಗಡಿ ತೆರೆದ ದಿನ ಇರುತ್ತದಲ್ಲ, ಹಾಗೆ. ಸರಕೆಲ್ಲ ಬಂದು ಬಿದ್ದಿತ್ತು. ಯಾವುದನ್ನು ಎಲ್ಲಿಡಬೇಕು ಅನ್ನುವುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

ಗಿಡಗಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಯಾರು ಕರೆದರೆ ಅವರ ಹಿತ್ತಲಿಗೆ ಹೋಗುತ್ತಿದ್ದವು. ಮನಸ್ಸಾದರೆ ಇರುತ್ತಿದ್ದವು, ಬೇಜಾರಾದರೆ ಎದ್ದು ಹೊರಡುತ್ತಿದ್ದವು.

ಘಮ ಹಂಚುವ ಕೆಲಸ ಗಾಳಿರಾಯನದು. ಮಲ್ಲಿಗೆಗೆ ಕೊಟ್ಟ, ಸಂಪಿಗೆಗೆ ಕೊಟ್ಟ, ಕೇದಗೆಗೆ ಕೈತುಂಬ ಕೊಟ್ಟ. ಬೆಳಗ್ಗೆ ಕೊಟ್ಟಿದ್ದನ್ನು ಸಂಜೆಗೆ ತಾನೇ ಹೊತ್ತುಕೊಂಡು ಊರೂರು ತಿರುಗಿದ. ಹೂಗಳಿಗೆ ಉಳಿದದ್ದು ಬಾಡಿದ ಎಸಳು. ದಳ್ಳಾಳಿಗಳೇ ಹಾಗೆ, ಎರಡೂ ಕಡೆ ತಿನ್ನುತ್ತಾರೆ.

ಒಂದು ಹುಲ್ಲಿಗೆ ಮಾತ್ರ ಅವನು ಏನೂ ಕೊಡಲಿಲ್ಲ. ಅದರ ಹೆಸರು ಲಾವಂಚ. ಉದ್ದನೆಯ ಒರಟು ಗರಿ. ಹೂವು ಅಂತ ತೋರಿಸಿಕೊಳ್ಳುವಂಥದ್ದೇನೂ ಇಲ್ಲ. "ನಿನಗೆ ಘಮ ಕೊಟ್ಟರೆ ಇಡೋದೆಲ್ಲಿ?" ಎಂದು ನಕ್ಕು ಗಾಳಿರಾಯ ಮುಂದೆ ಹೋಗಿದ್ದ.

ಆ ಕಾಲದಲ್ಲಿ ಹೊಳೆ ತಿರುಗುವ ಜಾಗದಲ್ಲಿ ಮುದ್ದವ್ವ ಅನ್ನುವವಳು ಗಂಡ ಬೊಮ್ಮಣ್ಣನ ಜೊತೆ ಗುಡಿಸಲು ಹಾಕಿಕೊಂಡಿದ್ದಳು. ಗುಡಿಸಲಿಗೂ ಹೊಳೆಗೂ ನಡುವೆ ಒಂದು ತೋಟ. ಅವರಿಗೆ ಇದ್ದದ್ದು ಅಷ್ಟೇ. ದಂಡೆಯ ಉದ್ದಕ್ಕೂ ಲಾವಂಚ ತಾನಾಗಿ ಬಂದು ನಿಂತಿತ್ತು. ಕರೆದವರಿಲ್ಲ, ನೀರು ಹಾಕಿದವರಿಲ್ಲ.

ಬೊಮ್ಮಣ್ಣನಿಗೆ ಹೂವಿನ ಹುಚ್ಚು. ಮಂಜಿನ ಬೆಟ್ಟದಿಂದ ಬಂದ ಒಂದು ಹೂವಿನ ಗಿಡವನ್ನು ಕಂಡು ಮರುಳಾದ. ತಟ್ಟೆಯಗಲದ ಹೂವು, ಅದಕ್ಕೆ ಮೂರು ಬಣ್ಣ. ಅದಕ್ಕೆ ಜಾಗ ಬೇಕಲ್ಲ, ಗುದ್ದಲಿ ತಗೊಂಡು ದಂಡೆಯ ಲಾವಂಚವನ್ನೆಲ್ಲ ಅಗೆದು ಗುಡ್ಡದಾಚೆ ಬಿಸಾಡಿದ.

"ಅದ್ಯಾಕೆ ಕಿತ್ತೆ?" ಎಂದಳು ಮುದ್ದವ್ವ.

"ಕಳೆ ಕಣೇ. ಅದರಿಂದ ಏನು ಬರುತ್ತೆ?"

"ಏನು ಹೋಗುತ್ತೆ ಅನ್ನೋದನ್ನೂ ನೋಡಬೇಕಿತ್ತು."

ಬೊಮ್ಮಣ್ಣನಿಗೆ ಕೇಳಿಸಲಿಲ್ಲ. ಹೂವಿಗೆ ನೆರಳು ಕಟ್ಟುತ್ತಿದ್ದ.

ಮಳೆ ಹಿಡಿಯಿತು. ಹೊಳೆ ಕೆಂಪಗೆ ಉಬ್ಬಿ ಬಂದು, ಹೂವಿನ ಪಾತಿಯನ್ನು ನೆಲದ ಸಮೇತ ಬಾಯಿಗೆ ಹಾಕಿಕೊಂಡಿತು. ನೆರಳಿಗೆ ಕಟ್ಟಿದ ಚಪ್ಪರವೂ ಹೋಯಿತು. ಅರ್ಧ ತೋಟ ಇಲ್ಲ.

"ಹೊಳೆಯವ್ವಾ, ಇದೇನು ನ್ಯಾಯ?" ಎಂದು ಮುದ್ದವ್ವ ಕೂಗಿದಳು.

"ನಾನೇನು ಕದ್ದೆನಾ? ಬಾಗಿಲು ತೆಗೆದಿಟ್ಟಿದ್ರಿ, ಬಂದೆ," ಎಂದಿತು ಹೊಳೆ. "ಈಗ ಸ್ವಲ್ಪ ಬಿಸಿಲು ಬರುತ್ತೆ, ಹೋಗಿರ್ತೀನಿ. ದೊಡ್ಡ ಮಳೆಗೆ ಮತ್ತೆ ಬರ್ತೀನಿ. ಆಗ ನಿನ್ನ ಒಲೆ ಎಲ್ಲಿದೆ ಅಂತ ನೋಡ್ತೀನಿ."

ಮುದ್ದವ್ವ ಅಳುತ್ತ ಕೂರಲಿಲ್ಲ. ಅತ್ತರೆ ಹೊಳೆಗೆ ಇನ್ನಷ್ಟು ನೀರು, ಅಷ್ಟೇ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತೋಟಕ್ಕೆ ಹೊಸ ಗಿಡಗಳನ್ನು ಕರೆದಳು. ಬಂದವರಿಗೆಲ್ಲ ಅವಳು ಕೇಳಿದ್ದು ಒಂದೇ: "ಬೇಸಿಗೇಲಿ ಏನು ಮಾಡ್ತೀಯ? ಮಳೇಲಿ ಏನು ಮಾಡ್ತೀಯ?"

ಮಂಜಿನ ಬೆಟ್ಟದ ಹೂವಿನ ತಂಗಿ ಬಂದಳು. "ಬೇಸಿಗೇಲಿ ನೆರಳು ಬೇಕು, ಎರಡು ಹೊತ್ತು ನೀರು ಬೇಕು. ಮಳೇಲಿ ಕೊಡೆ ಹಿಡೀಬೇಕು," ಎಂದಳು.

"ನೀನು ನೆಂಟಳಾಗಿ ಬಾ, ಊಟ ಹಾಕ್ತೀನಿ. ಸೊಸೆಯಾಗಿ ಬೇಡ," ಎಂದಳು ಮುದ್ದವ್ವ.

ತುಂಬೆ ಬಂತು. "ಮಳೇಲಿ ಬರ್ತೀನಿ, ಬಿಸಿಲಿಗೆ ಹೋಗ್ತೀನಿ, ಬೀಜ ಬಿಟ್ಟು ಹೋಗ್ತೀನಿ," ಎಂದಿತು. ಸುಳ್ಳು ಹೇಳಲಿಲ್ಲವಲ್ಲ, ಮುದ್ದವ್ವ ಅದಕ್ಕೊಂದು ಮೂಲೆ ಕೊಟ್ಟಳು.

ಆಡುಸೋಗೆ ಬಂತು. "ಬೇಸಿಗೇಲೂ ಹಸಿರು, ಮಳೇಲೂ ಹಸಿರು. ಕೆಮ್ಮಿಗೆ ನಾನೇ ಮದ್ದು. ಆಡು ಕೂಡ ನನ್ನನ್ನ ಮುಟ್ಟಲ್ಲ."

ಪಕ್ಕದಲ್ಲೇ ಇದ್ದ ಆಡು ಒಂದು ಎಲೆ ಕಚ್ಚಿ ನೋಡಿ ಥೂ ಎಂದು ಉಗಿಯಿತು. "ಸತ್ಯ ಕಣವ್ವ, ನಂಬು," ಎಂದಿತು. ಆಡುಸೋಗೆಗೆ ಬೇಲಿಯ ಕೆಲಸ ಸಿಕ್ಕಿತು.

ಅಮೃತಬಳ್ಳಿ ಬಂತು. "ಕಡಿದು ಬಿಸಾಡಿದರೂ ಬಿದ್ದಲ್ಲೇ ಚಿಗುರ್ತೀನಿ," ಎಂದಿತು. ಅದಕ್ಕೆ ಬೇವಿನ ಮರ ತೋರಿಸಿದಳು. ಒಂದೆಲಗಕ್ಕೆ ಬಚ್ಚಲ ನೀರು ಹರಿಯುವ ಜಾಗ ಕೊಟ್ಟಳು.

ಎಲ್ಲರೂ ಗಟ್ಟಿಗರೇ, ಎಲ್ಲರೂ ಆ ನೆಲದವರೇ. ಆದರೆ "ಹೊಳೆ ಬಂದರೆ ದಂಡೆ ಹಿಡಿದು ನಿಲ್ತೀರಾ?" ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದು ನಮ್ಮ ಕೈಲಾಗಲ್ಲ. ಆಗೋದಿದ್ದದ್ದು ಒಬ್ಬಳ ಕೈಲಿ. ಅವಳನ್ನ ನಿನ್ನ ಗಂಡ ಗುಡ್ಡದಾಚೆ ಎಸೆದ," ಎಂದಿತು ಆಡುಸೋಗೆ.

ಮುದ್ದವ್ವ ಬೊಮ್ಮಣ್ಣನ ಮುಖ ನೋಡಿದಳು. ಬೊಮ್ಮಣ್ಣ ಆಡಿನ ಮುಖ ನೋಡಿದ. ಆಡು ಎತ್ತಲೋ ನೋಡಿತು.

ಮುದ್ದವ್ವ ಗುಡ್ಡ ಹತ್ತಿ ಇಳಿದಳು. ಆಚೆ ಕಲ್ಲಿನ ಮೇಲೆ ಲಾವಂಚ ಬಿದ್ದಿತ್ತು. ಗರಿ ಒಣಗಿತ್ತು, ಬುಡದಲ್ಲಿ ಜೀವ ಇತ್ತು.

"ತಂಗೀ, ತಪ್ಪಾಯ್ತು. ಬಾ," ಎಂದಳು ಮುದ್ದವ್ವ.

"ಬರಲ್ಲ ಅಕ್ಕ. ಬಿಟ್ಟಿ ಬಂದು ನಿಂತಿದ್ದೆ, ಅದಕ್ಕೇ ಕಳೆ ಅನ್ನಿಸಿಕೊಂಡೆ. ಈ ಸಲ ಬೆಲೆ ಕೊಟ್ಟರೆ ಬರ್ತೀನಿ."

"ಏನು ಬೇಕು ಕೇಳು."

"ಘಮ ಬೇಕು."

ನೋಡು ಮಗೂ, ಬಿಟ್ಟಿ ಸಿಕ್ಕಿದ್ದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಲಾವಂಚ ಕೇಳಿದ್ದು ಸರಿಯೇ. ಆದರೆ ಘಮವೆಲ್ಲ ಗಾಳಿರಾಯ ಹಂಚಿ ಮುಗಿಸಿದ್ದ. ಉಳಿದದ್ದು ಒಂದೇ ಒಂದು, ಅದು ಮಣ್ಣಜ್ಜನ ಹತ್ತಿರ ಇತ್ತು. ಮೊದಲ ಮಳೆ ಬಿದ್ದಾಗ ಏಳುತ್ತದಲ್ಲ, ಆ ಘಮ. ಮಣ್ಣಜ್ಜ ಮಹಾ ಜಿಪುಣ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ತೋರಿಸಿ ಮತ್ತೆ ಮುಚ್ಚಿಡುತ್ತಿದ್ದ.

ಬೆಲೆ ಕೊಡಿಸ್ತೀನಿ ಬಾ ಎಂದು ಮುದ್ದವ್ವ ಲಾವಂಚವನ್ನು ಹೊತ್ತು ತಂದು, ದಂಡೆಯ ಮೇಲೆ ಕುಳಿತು ನೆಲ ತಟ್ಟಿದಳು. "ಮಣ್ಣಜ್ಜಾ, ನಿನ್ನ ಘಮ ಈ ಹುಡುಗಿಗೆ ಕೊಡು. ಅವಳು ನಿನ್ನನ್ನ ಹಿಡಿದು ನಿಲ್ತಾಳೆ."

"ಘಮ ಹೊರಗೆ ಬಂದರೆ ಆ ಗಾಳಿರಾಯ ಸಂಜೆಯೊಳಗೆ ಹೊತ್ಕೊಂಡು ಹೋಗ್ತಾನೆ. ಕೊಡಲ್ಲ," ಎಂದ ಮಣ್ಣಜ್ಜ.

"ಹೊಳೆಯವ್ವ ನಿನ್ನನ್ನೇ ಹೊತ್ಕೊಂಡು ಹೋಗ್ತಿದ್ದಾಳಲ್ಲ, ಅದು ಪರವಾಗಿಲ್ವಾ?"

ಮಣ್ಣಜ್ಜ ತನ್ನನ್ನೇ ಒಮ್ಮೆ ನೋಡಿಕೊಂಡ. ಅರ್ಧ ಮೈ ಆಗಲೇ ಸಮುದ್ರದ ಪಾಲಾಗಿತ್ತು.

"ಗಾಳಿರಾಯನಿಗೆ ಕಾಣದ ಹಾಗೆ ವ್ಯಾಪಾರ ಮಾಡೋಣ," ಎಂದಳು ಮುದ್ದವ್ವ. ಗಂಡನ ಹೆಗಲ ಮೇಲಿದ್ದ ವಲ್ಲಿಯನ್ನು ಎಳೆದು ನೆಲದ ಮೇಲೆ ಹಾಸಿದಳು.

ದನದ ವ್ಯಾಪಾರ ನೀನು ನೋಡಿದ್ದರೆ ಗೊತ್ತಿರುತ್ತದೆ. ಇಬ್ಬರೂ ಬಟ್ಟೆಯ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಇಬ್ಬರೂ "ಆಯ್ತು" ಅನ್ನುವ ತನಕ ಕೈ ಬಿಡುವ ಹಾಗಿಲ್ಲ. ಯಾರು ಮೊದಲು ಬಿಟ್ಟರೋ ಅವರು ವ್ಯಾಪಾರ ಕೆಡಿಸಿದ ಹಾಗೆ. ಆ ಪದ್ಧತಿ ಶುರುವಾದದ್ದೇ ಆವತ್ತು.

ಲಾವಂಚ ವಲ್ಲಿಯ ಕೆಳಗೆ ಬೇರು ಇಳಿಸಿತು. ಮಣ್ಣಜ್ಜ ಹಿಡಿದುಕೊಂಡ. ಗಾಳಿರಾಯ ಓಡಿಬಂದು ಸುತ್ತ ಸುಳಿದಾಡಿದ.

"ಏನು ನಡೀತಿದೆ? ದಳ್ಳಾಳಿ ಇಲ್ಲದೆ ವ್ಯಾಪಾರವಾ?"

"ಮನೆ ಮಾತು ಗಾಳಿಯಣ್ಣ. ನೀನು ಮೋಡ ನೋಡ್ಕೋ ಹೋಗು," ಎಂದಳು ಮುದ್ದವ್ವ.

ಕೆಳಗೆ ಮಣ್ಣಜ್ಜ ಘಮವನ್ನು ಮುಂಗಡವಾಗಿ ಬೇರಿನ ಕೈಗೆ ಕೊಟ್ಟ. ಕೊಟ್ಟವನು "ಆಯ್ತು" ಅನ್ನಬೇಕಿತ್ತು. ಅನ್ನಲಿಲ್ಲ.

"ಇನ್ನೊಂದು ಬೆರಳು ಕೊಡು," ಎಂದ. ಲಾವಂಚ ಇನ್ನೊಂದು ಬೇರು ಇಳಿಸಿತು.

"ಇನ್ನೂ ಒಂದು. ಇನ್ನೂ ಕೆಳಗೆ."

ಲಾವಂಚ ಇನ್ನೂ ಕೆಳಗೆ ಇಳಿಸಿತು.

ಅಷ್ಟರಲ್ಲಿ ದೊಡ್ಡ ಮಳೆ ಬಂತು. ಗುಡುಗಿನ ಹಿಂದೆಯೇ ಹೊಳೆ ಬಂತು, ಮರದ ದಿಮ್ಮಿ ಉರುಳಿಸಿಕೊಂಡು, ದಂಡೆಗೆ ದಂಡೆ ನುಂಗಿಕೊಂಡು.

"ಅಕ್ಕಾ, ಈ ಮುದುಕ ಆಯ್ತು ಅಂತಿಲ್ಲ! ಕೈ ಬಿಟ್ಟುಬಿಡ್ಲಾ?" ಎಂದು ಲಾವಂಚ ಕೂಗಿತು.

ಮುದ್ದವ್ವನಿಗೆ ಆಗ ಹೊಳೆಯಿತು. ಜಿಪುಣ ಮುದುಕ ಚೌಕಾಸಿ ಮಾಡುತ್ತಿದ್ದದ್ದು ಬೆಲೆಗಲ್ಲ. ಚೌಕಾಸಿ ನಡೆಯುವಷ್ಟು ಹೊತ್ತೂ ಒಬ್ಬಳು ಅವನ ಕೈ ಹಿಡಿದಿರುತ್ತಾಳೆ. ಮುಗಿದರೆ ಬಿಡುತ್ತಾಳೆ.

"ಬಿಡಬೇಡ ತಂಗಿ! ಕೇಳಿದಷ್ಟು ಬೆರಳು ಕೊಡ್ತಾ ಹೋಗು. ಮುಂಗಡ ನಿನ್ನ ಕೈಲೇ ಇದೆಯಲ್ಲ. ಈ ವ್ಯಾಪಾರ ಮುಗೀದೆ ಇದ್ದರೇ ನಮ್ಮೆಲ್ಲರಿಗೂ ಲಾಭ!"

ಹೊಳೆ ದಂಡೆಗೆ ಅಪ್ಪಳಿಸಿತು. ವಲ್ಲಿಯನ್ನು ಕಿತ್ತುಕೊಂಡು ಹೋಯಿತು. ಬೊಮ್ಮಣ್ಣ "ಅಯ್ಯೋ ನನ್ನ ವಲ್ಲಿ" ಎಂದ. ವಲ್ಲಿ ಹೋದರೂ ಕೆಳಗಿನ ಕೈ ಬಿಡಲಿಲ್ಲ. ಲಾವಂಚದ ಗರಿಗಳು ನೀರಿನ ಕಡೆಗೆ ಬಾಗಿದವು, ಮಲಗಿದವು, ಮತ್ತೆ ಎದ್ದವು. ಹೊಳೆ ಎಳೆಯಿತು. ಮಣ್ಣಜ್ಜ ಗಟ್ಟಿಯಾಗಿ ಹಿಡಿದ. ಲಾವಂಚ ಇನ್ನೂ ಗಟ್ಟಿಯಾಗಿ ಹಿಡಿಯಿತು. ಗರಿಗಳ ನಡುವೆ ನುಸುಳಿ ನುಸುಳಿ ಹೊಳೆಗೆ ಏದುಸಿರು ಬಂತು, ರಭಸ ಇಳಿಯಿತು. ಗುಡಿಸಲ ಹೊಸ್ತಿಲು ಮುಟ್ಟುವ ಹೊತ್ತಿಗೆ ಅದು ಕಾಲು ತೊಳೆಯುವಷ್ಟು ನೀರಾಗಿತ್ತು.

"ಒಲೆ ನೋಡೋಕೆ ಬಂದಿದ್ದೆ," ಎಂದಿತು ಹೊಳೆ, ಸ್ವಲ್ಪ ನಾಚಿಕೊಂಡು.

"ನೋಡಿದೆಯಲ್ಲ, ಹೋಗಿ ಬಾ. ಬರಿಗೈಲಿ ಬಂದೋರು ಏನಾದರೂ ಕೊಸರು ಕೊಟ್ಟು ಹೋಗಬೇಕು," ಎಂದಳು ಮುದ್ದವ್ವ.

ಹೊಳೆ ಮಡಿಲಲ್ಲಿದ್ದ ಮೆಕ್ಕಲು ಮಣ್ಣನ್ನು ಲಾವಂಚದ ಸಾಲಿಗೆ ಸುರಿದು ಇಳಿದುಹೋಯಿತು. ಇವತ್ತಿಗೂ ಲಾವಂಚ ನೆಟ್ಟ ಬದುವಿಗೆ ನೀರು ಬಂದರೆ ಮಣ್ಣು ಬಿಟ್ಟೇ ಮುಂದೆ ಹೋಗುತ್ತದೆ.

ಮಳೆ ನಿಂತ ಮೇಲೆ ಗಾಳಿರಾಯ ಬಂದ. ಲಾವಂಚದ ಗರಿಗೆಲ್ಲ ಮೂಗಿಟ್ಟು ನೋಡಿದ. ಘಮ ಇಲ್ಲ. ಗರಿ ಸವರಿದ, ಬಗ್ಗಿಸಿದ. ಇಲ್ಲ.

"ಮೋಸ! ಎಲ್ಲಿಟ್ಟಿದೀರಿ? ನನ್ನ ಪಾಲೆಲ್ಲಿ?" ಎಂದ.

ಗಾಳಿಯನ್ನು ಪೂರ್ತಿ ಎದುರು ಹಾಕಿಕೊಂಡು ತೋಟ ಮಾಡಲು ಆಗುವುದಿಲ್ಲ. ಅದು ಮುದ್ದವ್ವನಿಗೆ ಗೊತ್ತಿತ್ತು. "ಬೇಸಿಗೇಲಿ ನಮ್ಮನೆ ಕಿಟಕಿಗೆ ಬಾ, ಕೊಡ್ತೀನಿ," ಎಂದಳು.

ಬೇಸಿಗೆ ಬಂತು. ಮುದ್ದವ್ವ ಸಾಲಿನ ನಡುನಡುವೆ ಒಂದೊಂದು ಬುಡ ಅಗೆದಳು. ಅಗೆದ ಬುಡವನ್ನು ಸೀಳಿ, ಸಸಿಯನ್ನು ಅಲ್ಲೇ ಮತ್ತೆ ನೆಟ್ಟಳು. ಬೇರನ್ನು ಮಾತ್ರ ಇಟ್ಟುಕೊಂಡಳು. ಸಾಲು ಪೂರ್ತಿ ಕೀಳಲಿಲ್ಲ, ಬಂಡವಾಳ ತಿನ್ನುವವಳಲ್ಲ ಅವಳು. ಒಂದು ಹಿಡಿ ಬೇರು ಕುಡಿಯುವ ನೀರಿನ ಗಡಿಗೆಗೆ ಹಾಕಿದಳು. ಉಳಿದದ್ದನ್ನು ಬೊಮ್ಮಣ್ಣ ಹೆಣೆದು ತಟ್ಟಿ ಮಾಡಿ ಕಿಟಕಿಗೆ ಕಟ್ಟಿದ. ಹೋದ ವಲ್ಲಿಗೆ ಬದಲು ಇದಾದರೂ ಇರಲಿ ಎಂದುಕೊಂಡ. ಮುದ್ದವ್ವ ಅದಕ್ಕೆ ನೀರು ಚಿಮುಕಿಸಿದಳು.

ಬಿಸಿಲಲ್ಲಿ ಬೆಂದು ಬಂದ ಗಾಳಿರಾಯ ತಟ್ಟಿಯ ಒಳಗಿಂದ ನುಸುಳಿ ತಣ್ಣಗಾದ. ಮೂಗಿಗೆ ಮೊದಲ ಮಳೆಯ ಘಮ ಬಂತು.

"ಇಷ್ಟೇನಾ?" ಎಂದ.

"ನೀರು ಹಾಕಿದಾಗ ಇಷ್ಟು. ಹಾಕದಿದ್ದರೆ ಇದೂ ಇಲ್ಲ," ಎಂದಳು ಮುದ್ದವ್ವ.

ಅವನು ಒಪ್ಪಿಕೊಂಡ. ಬೇರೆ ದಾರಿ ಇರಲಿಲ್ಲ.

ಅದಕ್ಕೇ ನಮ್ಮ ಕಿಟಕಿಯ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದಾಗಲೆಲ್ಲ ಗಾಳಿ ತಣ್ಣಗೆ, ಘಮಘಮ ಅನ್ನುತ್ತ ಒಳಗೆ ಬರುತ್ತದೆ. ಅದಕ್ಕೇ ಲಾವಂಚದ ಗರಿ ಮೂಸಿದರೆ ಬರೀ ಹುಲ್ಲು, ಬೇರು ಮೂಸಿದರೆ ಮಳೆ. ನಾಳೆ ನೀನು ಹಿತ್ತಲಲ್ಲಿ ಒಂದು ಬುಡ ಅಗೆದು ನೋಡು: ಎಷ್ಟು ಕೊಡವಿದರೂ ಬೇರಿನ ಬೆರಳುಗಳ ನಡುವೆ ಮಣ್ಣು ಹಿಡಿದುಕೊಂಡೇ ಇರುತ್ತದೆ, ಯಾಕೆಂದರೆ ಮಣ್ಣಜ್ಜ ಇನ್ನೂ "ಆಯ್ತು" ಅಂದಿಲ್ಲ.