ಬೆಂಕಿಬೆಟ್ಟದ ಮೇಲೆ ಬಿಳಿ ಬಟ್ಟೆ

“ಗುರುಗಳೇ, ಒಂದು ವರ್ಷದಿಂದ ನನಗೆ ಕೋಪವೇ ಬಂದಿಲ್ಲ. ಇನ್ನು ನಾನು ಅಣ್ಣನ ಮನೆಗೆ ಹಿಂತಿರುಗಬಹುದೇ?” ಎಂದು ಶಿಷ್ಯ ಸೋಮಲಿಂಗ ಕೇಳಿದ.

ಅವನು ಹೀಗೆ ಕೇಳಲು ಕಾರಣವಿತ್ತು. ಮಠಕ್ಕೆ ಬರುವ ಮೊದಲು ಒಂದು ದಿನ ಸಿಟ್ಟಿನ ಭರದಲ್ಲಿ ಒನಕೆ ಬೀಸಿ ಅಣ್ಣನ ಕೈ ಮುರಿದಿದ್ದ. ಈಗ ಅಣ್ಣ ಎಲ್ಲ ಮರೆತು, ಮನೆಗೆ ಬಾ ಎಂದು ಹೇಳಿ ಕಳುಹಿಸಿದ್ದ. ಆ ಮನೆಯಲ್ಲಿ ಅಣ್ಣನ ಎಳೆಯ ಮಕ್ಕಳಿದ್ದರು.

“ಒಂದಿಷ್ಟೂ ಬಂದಿಲ್ಲವೇ?” ಎಂದರು ಗುರುಗಳು.

“ಒಂದಿಷ್ಟೂ ಇಲ್ಲ. ಹಗಲೂ ರಾತ್ರಿ ಮನಸ್ಸಿನ ಕಾವಲು ಕಾಯುತ್ತಿದ್ದೇನೆ. ಮೊನ್ನೆ ಯಾರೋ ನನ್ನ ಕಂಬಳಿ ಕದ್ದರು. ನಗುನಗುತ್ತಲೇ ಚಳಿಯಲ್ಲಿ ಮಲಗಿದೆ.”

ಗುರುಗಳು ತಾವು ಕುಳಿತಿದ್ದ ಕಂಬಳಿಯ ಅಂಚನ್ನು ಮೆಲ್ಲಗೆ ಒಳಕ್ಕೆ ಮಡಚಿಕೊಂಡರು. “ಹಾಗಾದರೆ ಕಷ್ಟ” ಎಂದು ಕತೆ ಶುರುಮಾಡಿದರು.

ಕಡಲಾಚೆ ಒಂದು ದ್ವೀಪ. ಅಲ್ಲಿ ಬೆಂಕಿ ಕಾರುವ ಒಂದು ಬೆಟ್ಟ. ನಾನೇ ಕಣ್ಣಾರೆ ನೋಡಿದ್ದೇನೆ. ನಾನು ನೋಡದಿದ್ದರೂ ನೋಡಿದವರನ್ನಂತೂ ನೋಡಿದ್ದೇನೆ.

ಬೆಟ್ಟದ ಬುಡದಲ್ಲಿ ಒಂದು ಊರು. ಆ ಊರಿನ ಯಾವ ಮನೆಯಲ್ಲೂ ಒಲೆ ಇರಲಿಲ್ಲ. ಊರ ನಡುವೆ ನೆಲ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಬಿಸಿ ಆವಿ ಏಳುತ್ತಿತ್ತು. ಹೆಂಗಸರು ಅಕ್ಕಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅದರೊಳಗೆ ಇಳಿಬಿಟ್ಟು ಹರಟುತ್ತಾ ಕೂರುತ್ತಿದ್ದರು. ಹರಟೆ ಮುಗಿಯುವ ಮೊದಲೇ ಅನ್ನ ಬೆಂದಿರುತ್ತಿತ್ತು.

ಬೆಟ್ಟದ ತುದಿಯಲ್ಲಿ ಒಬ್ಬ ಕಾವಲುಗಾರ. ಬೆಟ್ಟದ ಬಾಯಿಂದ ಬರುವ ಹೊಗೆಯನ್ನು ನೋಡುತ್ತಿರುವುದೇ ಅವನ ಕೆಲಸ. ಹೊಗೆ ದಟ್ಟವಾದರೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಆಗ ಜನ ಊರು ಬಿಡುತ್ತಿದ್ದರು. ಹೊಗೆ ತೆಳುವಾಗಿದ್ದರೆ ಹಳದಿ ಬಟ್ಟೆ. ಹೊಗೆಯೇ ಇಲ್ಲದಿದ್ದರೆ ಬಿಳಿ ಬಟ್ಟೆ. ಬೆಟ್ಟದಲ್ಲಿ ಯಾವ ದೋಷವೂ ಇಲ್ಲ ಎಂದು ಅದರ ಅರ್ಥ. ಆದರೆ ಹೊಗೆಯಿಲ್ಲದ ದಿನವನ್ನು ಯಾರೂ ಕಂಡಿರಲಿಲ್ಲ. ಬಿಳಿ ಬಟ್ಟೆ ಮಡಿಕೆ ಬಿಚ್ಚದೆ ಹಾಗೇ ಇತ್ತು.

ಒಂದು ಬೆಳಗ್ಗೆ ಹೊಗೆ ನಿಂತಿತು. ಕಾವಲುಗಾರ ಕಣ್ಣುಜ್ಜಿಕೊಂಡು ನೋಡಿದ. ಬಗ್ಗಿ ನೋಡಿದ. ಎಲ್ಲೂ ಇಲ್ಲ. ಹಿಗ್ಗಿನಿಂದ ಬಿಳಿ ಬಟ್ಟೆ ಕಟ್ಟಿದ.

ಅದೇ ಬೆಳಗ್ಗೆ ಊರಿನಲ್ಲಿ ಅನ್ನ ಬೇಯಲಿಲ್ಲ. ಹರಟೆ ಎರಡು ಸುತ್ತು ಮುಗಿದರೂ ಬೇಯಲಿಲ್ಲ. ಒಬ್ಬ ಮುದುಕ ಬಿರುಕಿನೊಳಗೆ ಕೈಯಿಟ್ಟು, “ಇದು ತಣ್ಣಗಿದೆಯಲ್ಲ!” ಎಂದ.

“ಅಂಥ ಕೆಟ್ಟ ಅಕ್ಕಿ ಹಾಕಿದರೆ ತಣ್ಣಗಾಗದೆ ಇನ್ನೇನಾಗುತ್ತದೆ ತಾತ? ಬೆಟ್ಟದಲ್ಲಿ ದೋಷವಿಲ್ಲವೆಂದು ಬಟ್ಟೆ ಹಾರುತ್ತಿದೆ. ಅಂದಮೇಲೆ ದೋಷ ಅಕ್ಕಿಯದೇ” ಎಂದಳು ಒಬ್ಬಳು.

ಮುದುಕ ತನ್ನ ಕೈಯನ್ನು ನೋಡಿಕೊಂಡ. ಬಟ್ಟೆಯನ್ನು ನೋಡಿದ. ಇರಬಹುದು ಎಂದ.

ಆ ಊರಿಗೆಲ್ಲ ಒಬ್ಬನೇ ಅಕ್ಕಿ ವ್ಯಾಪಾರಿ. ಎರಡು ಕತ್ತೆಗಳ ಮೇಲೆ ಮೂಟೆ ಹೇರಿಕೊಂಡು ಬಂದು ಅಲ್ಲೇ ಅಂಗಡಿ ಇಟ್ಟಿದ್ದ. ಎಲ್ಲರೂ ಅವನ ಅಂಗಡಿಗೆ ಹೋದರು.

“ಏನಯ್ಯಾ ಸೆಟ್ಟಿ, ನೀನು ಮಾರುವುದು ಅಕ್ಕಿಯೋ ಕಲ್ಲೋ?”

ವ್ಯಾಪಾರಿಯ ಮುಖ ಬಿಳಿಚಿತು. ಅವನು ಬಹಳ ಕಾಲದಿಂದ ಅಕ್ಕಿಗೆ ಬಿಳಿ ಕಲ್ಲು ಬೆರೆಸುತ್ತಿದ್ದ. ಪ್ರಾಮಾಣಿಕನಾಗಿದ್ದರೆ ಅಲ್ಲೇ ನಿಂತು ಸಂಜೆಯವರೆಗೂ ವಾದ ಮಾಡುತ್ತಿದ್ದ. ಇವನು ಮೂಟೆಗಳನ್ನು ಮೂರೂ ಕತ್ತೆಗಳ ಮೇಲೆ ಹೇರಿ ಓಟ ಕಿತ್ತ.

“ಗುರುಗಳೇ, ಆಗಲೇ ಎರಡು ಕತ್ತೆ ಎಂದಿರಿ.”

“ಹೌದೇ? ಗಾಬರಿಯಲ್ಲಿ ಒಂದು ಮರಿ ಹಾಕಿರಬೇಕು.”

ಸೋಮಲಿಂಗನ ಹುಬ್ಬು ಗಂಟಿಕ್ಕಿತು. ಮರುಕ್ಷಣವೇ ಅವನು ಮುಖಕ್ಕೆ ನಗು ತಂದುಕೊಂಡ. ಗುರುಗಳು ಮುಂದುವರಿಸಿದರು.

ವ್ಯಾಪಾರಿಯ ಹಿಂದೆ ಇಡೀ ಊರು ಓಡಿತು. ಕೈಗೆ ಸಿಕ್ಕ ದೊಣ್ಣೆ ಹಿಡಿದು ಗಂಡಸರು, ಬೇಯದ ಗಂಟು ಹಿಡಿದು ಹೆಂಗಸರು, ಮಕ್ಕಳು, ಮಕ್ಕಳ ಹಿಂದೆ ನಾಯಿಗಳು. ಮುದುಕನನ್ನು ಮೊಮ್ಮಗ ಹೊತ್ತುಕೊಂಡ. ಮುದುಕನಿಗೂ ಒಂದೇಟು ಹೊಡೆಯುವ ಆಸೆಯಿತ್ತು. ಮೇಲಿನಿಂದ ನೋಡುತ್ತಿದ್ದ ಕಾವಲುಗಾರ ಕೂಡ ಅದೇ ಅಕ್ಕಿ ಕೊಂಡಿದ್ದ. ಬೆಟ್ಟದಲ್ಲಂತೂ ಇವತ್ತು ಕೆಲಸವಿಲ್ಲ ಎಂದುಕೊಂಡು ಅವನೂ ಇಳಿದು ಓಡಿದ. ವಾಪಸು ಬರುವ ಅಕ್ಕಿ ಕಟ್ಟಿಕೊಳ್ಳಲು ಬೇಕಾಗುತ್ತದೆಂದು ಬಿಳಿ ಬಟ್ಟೆಯನ್ನೂ ಬಿಚ್ಚಿಕೊಂಡ.

ಹೊಳೆ ದಾಟಿ ಬಹುದೂರ ಹೋದಮೇಲೆ ವ್ಯಾಪಾರಿ ಸಿಕ್ಕಿಬಿದ್ದ. ಮೂಟೆ ಹರಿಯಿತು. ಅಕ್ಕಿಯ ಜೊತೆ ಕಲ್ಲೂ ಸುರಿಯಿತು. ದೊಣ್ಣೆಗಳು ಮೇಲೆದ್ದವು.

ಆಗ ಅವರ ಬೆನ್ನ ಹಿಂದೆ ಬೆಟ್ಟ ಸಿಡಿಯಿತು.

ಹೊಗೆ ನಿಂತದ್ದು ಬೆಂಕಿ ಆರಿದ್ದರಿಂದಲ್ಲ. ಒಳಗೆ ಬಂಡೆ ಕುಸಿದು ಬೆಟ್ಟದ ಗಂಟಲು ಕಟ್ಟಿತ್ತು. ಊರಿನ ಬಿರುಕೂ ಅದರ ಜೊತೆಗೇ ಮುಚ್ಚಿತ್ತು. ಹೊರಬರಲು ದಾರಿಯಿಲ್ಲದ ಬೆಂಕಿ ಬೆಟ್ಟವನ್ನೇ ಒಡೆದುಕೊಂಡು ಬಂತು. ಅವರು ನೋಡುತ್ತಿದ್ದಂತೆ ಊರು ಇಲ್ಲವಾಯಿತು. ಊರಿನವರು ಮಾತ್ರ ಎಲ್ಲರೂ ಇದ್ದರು.

ಎತ್ತಿದ ದೊಣ್ಣೆಗಳು ಎತ್ತಿದ ಹಾಗೇ ನಿಂತವು.

“ಇವನಿಗೆ ಹೊಡೆಯೋಣವೋ, ಇವನ ಕಾಲಿಗೆ ಬೀಳೋಣವೋ?” ಎಂದು ಒಬ್ಬಳು ಕೇಳಿದಳು. ಯಾರಿಗೂ ತಿಳಿಯಲಿಲ್ಲ. “ನಾನು ಓಡಲೋ, ನಿಲ್ಲಲೋ?” ಎಂದ ವ್ಯಾಪಾರಿ. ಅದೂ ತಿಳಿಯಲಿಲ್ಲ. ಕಲ್ಲಿಗೆ ಒಂದೇಟು, ಜೀವಕ್ಕೆ ಒಂದು ನಮಸ್ಕಾರ ಎಂದು ಮುದುಕ ತೀರ್ಮಾನ ಹೇಳಿದ. ಯಾವುದು ಮೊದಲು ಎಂದು ಜಗಳ ಹತ್ತಿತು.

ಕಾವಲುಗಾರ ಒಂದು ಕಲ್ಲಿನ ಮೇಲೆ ಕುಳಿತು, “ನನ್ನ ತಪ್ಪೇನಿದೆ? ಹೊಗೆ ಇರಲಿಲ್ಲ, ಬಿಳಿ ಕಟ್ಟಿದೆ” ಎನ್ನುತ್ತಿದ್ದ. ಅವನ ಮಡಿಲಲ್ಲಿದ್ದ ಬಟ್ಟೆಯ ಮೇಲೆ ಬೂದಿ ಬೀಳುತ್ತಿತ್ತು.

ಇಷ್ಟು ಹೇಳಿ ಗುರುಗಳು ಕಣ್ಣು ಮುಚ್ಚಿದರು.

ಸೋಮಲಿಂಗ ಕಾದ. ಕತೆ ಮುಂದೆ ಹೋಗಲಿಲ್ಲ. “ಇದರಲ್ಲಿ ನಾನು ಯಾರು ಗುರುಗಳೇ? ಕಾವಲುಗಾರನೇ? ವ್ಯಾಪಾರಿಯೇ?”

“ಕತ್ತೆ ಇರಬಹುದು. ಎರಡನೆಯದೋ ಮೂರನೆಯದೋ, ನೆನಪಿಲ್ಲ.”

ಸೋಮಲಿಂಗ ದಡಕ್ಕನೆ ಎದ್ದು ನಿಂತ. “ಏನು ಹುಡುಗಾಟ ಇದು! ಅಣ್ಣನ ಮನೆಗೆ ಹೋಗಲೋ ಬೇಡವೋ ಎಂದು ಪ್ರಾಣ ಕೈಯಲ್ಲಿ ಹಿಡಿದು ಕೇಳಿದರೆ ಕತ್ತೆ ಎಣಿಸುತ್ತಾ ಕೂತಿದ್ದೀರಲ್ಲ! ಒಂದು ವರ್ಷ ಹಲ್ಲು ಕಚ್ಚಿಕೊಂಡು ಬದುಕಿದ್ದೇನೆ! ಆ ಕಂಬಳಿ ಕದ್ದ ಹಡಬೆ ಯಾರೆಂದು ಗೊತ್ತಾದರೆ—”

ಅವನ ಕೂಗಿಗೆ ಛಾವಣಿಯ ಪಾರಿವಾಳಗಳು ಹಾರಿದವು. ಮುಖ ಕೆಂಪಾಗಿತ್ತು. ಮಠದ ಒನಕೆಯೊಂದು ಅಲ್ಲೇ ಗೋಡೆಗೆ ಒರಗಿತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ಕೈ ಮಾತ್ರ ಮೇಲೇಳಲಿಲ್ಲ. ಅವನು ತನ್ನ ಎರಡು ಕೈಗಳನ್ನೂ ನೋಡಿಕೊಂಡು, ಏನಾಯಿತೆಂದು ತಿಳಿಯದೆ ನಿಂತ.

ಗುರುಗಳು ಸ್ವಲ್ಪ ಎದ್ದು, ಅಡಿಯಲ್ಲಿದ್ದ ಕಂಬಳಿಯನ್ನು ಎಳೆದು ಕೊಡವಿ ಆ ಕೈಗಳ ಮೇಲೆ ಇಟ್ಟರು.

“ಬಿರುಕಿನಲ್ಲಿ ಆವಿ ಬಂತು; ತಗೋ ನಿನ್ನ ಕಂಬಳಿ, ಇನ್ನು ಅಣ್ಣನ ಮನೆಗೆ ಹೋಗು.”