ಹುಳುಗಳು ಸೊಪ್ಪು ಮುಟ್ಟದ ದಿನ

“ಗುರುಗಳೇ, ಒಂದು ವರ್ಷದಿಂದ ದಿನವೂ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಧೈರ್ಯದ ಮಾತು ಬರೆಯುತ್ತಿದ್ದೇನೆ. ಎಲ್ಲರೂ ಓದುತ್ತಾರೆ. ಒಬ್ಬರೂ ಉತ್ತರಿಸುವುದಿಲ್ಲ. ನಿಲ್ಲಿಸಿಬಿಡಲೇ?” ಎಂದು ಶಿಷ್ಯೆ ಪಂಕಜಾಕ್ಷಿ ಕೇಳಿದಳು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ಅಲ್ಲಿ ಒಬ್ಬರ ಹುಳುಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಹುಳುಗಳಿಗೆ ರೋಗ ತಗುಲೀತೆಂಬ ಭಯ. ಆದ್ದರಿಂದ ಕಷ್ಟಸುಖವೆಲ್ಲ ಫೋನಿನ ಗುಂಪಿನಲ್ಲೇ. ಕಷ್ಟ ಎಂದೆನೇ? ಅದನ್ನು ಯಾರೂ ಬರೆಯುತ್ತಿರಲಿಲ್ಲ. ತಮ್ಮ ಹುಳುಗಳು ಕಟ್ಟಿದ ಒಳ್ಳೆಯ ಗೂಡುಗಳ ಚಿತ್ರಗಳನ್ನು ಮಾತ್ರ ಹಾಕುತ್ತಿದ್ದರು.

ಒಬ್ಬ ಮುದುಕ ಮಾತ್ರ ದಿನವೂ ಬೆಳಿಗ್ಗೆ ತನ್ನ ಹುಳುಗಳನ್ನು ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದು, ಜೊತೆಗೆ ಒಂದು ಒಳ್ಳೆಯ ಮಾತು ಸೇರಿಸುತ್ತಿದ್ದ. ನೆರೆಯವನೊಬ್ಬ, “ತಾತ, ನಿನ್ನ ಹುಳುಗಳಿಗೂ ಒಂದೊಂದು ಫೋನು ಕೊಡಿಸು, ಅವಾದರೂ ಉತ್ತರ ಬರೆದಾವು” ಎಂದು ಹಂಗಿಸಿದ. ಮುದುಕ ನಕ್ಕ. ಮರುದಿನವೂ ಬರೆದ.

ಅದೇ ಊರಿನಲ್ಲಿ ಒಬ್ಬ ವಿಧವೆಯಿದ್ದಳು. ಗಂಡ ಹೋದ ಮೇಲೆ ಮೊದಲ ಬಾರಿಗೆ ತಾನೇ ಹುಳು ಸಾಕಲು ಹೊರಟಿದ್ದಳು. ಈ ಸಲ ಗೂಡು ಬಾರದಿದ್ದರೆ ಹಿಪ್ಪುನೇರಳೆ ತೋಟವನ್ನು ತನಗೆ ಬಿಟ್ಟುಕೊಡಬೇಕೆಂದು ಮೈದುನ ಹತ್ತು ಜನರ ಮುಂದೆ ಹೇಳಿದ್ದ, ಅವಳು ಒಪ್ಪಿದ್ದಳು. ಊರಿನವರೆಲ್ಲ ಒಂದೇ ದಿನ ಮರಿಹುಳುಗಳನ್ನು ತಂದರು. ನಾಲ್ಕನೆಯ ಬೆಳಿಗ್ಗೆ ಅವಳ ಹುಳುಗಳು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ, ಅಲುಗಾಡದೆ ಕೂತಿದ್ದವು. ರೋಗ ಬಂತೆಂದು ಅವಳು ತಿಳಿದಳು. ಯಾರನ್ನಾದರೂ ಕೇಳೋಣವೆಂದರೆ ಮೈದುನನೂ ಅದೇ ಗುಂಪಿನಲ್ಲಿದ್ದ. ಎಲ್ಲವನ್ನೂ ಚೆಲ್ಲಿಬಿಡಲು ನಿಶ್ಚಯಿಸಿ, ಮೊದಲ ತಟ್ಟೆಯನ್ನು ಎತ್ತಿಕೊಂಡು ತಿಪ್ಪೆಯ ಕಡೆಗೆ ನಡೆದಳು.

ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಸದ್ದು ಮಾಡಿತು. ಮುದುಕ ಬರೆದಿದ್ದ: “ಇವತ್ತು ನನ್ನ ಹುಳುಗಳು ಸೊಪ್ಪು ಮುಟ್ಟಿಲ್ಲ. ಪೊರೆ ಬಿಡುವ ಮೊದಲು ಹೀಗೇ. ಹೊಸಬರು ಯಾರಾದರೂ ಇದ್ದರೆ ಹೆದರಬೇಡಿ. ನಾಳೆ ಎದ್ದು ತಿನ್ನುತ್ತವೆ. ನೀವು ಹೋಗಿ ಕಾಫಿ ಕುಡಿಯಿರಿ.”

ಅವಳು ತಟ್ಟೆಯೊಡನೆ ಹಿಂದಿರುಗಿದಳು. ಮರುದಿನ ಹುಳುಗಳು ಎದ್ದವು. ತಿಂಗಳು ತುಂಬುವ ಮೊದಲೇ ಗೂಡು ಬಂತು. ತೋಟ ಅವಳಿಗೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಪಂಕಜಾಕ್ಷಿಗೆ ಸಮಾಧಾನವಾಗಲಿಲ್ಲ.

“ಹುಳುಗಳು ಎದ್ದದ್ದನ್ನು ಕಣ್ಣಾರೆ ಕಂಡ ಮೇಲಾದರೂ ಅವಳು ಆ ಮುದುಕನಿಗೆ ಒಂದು ಸಾಲು ಬರೆಯಬಾರದಿತ್ತೇ?” ಎಂದಳು.

ಗುರುಗಳೆಂದರು: “ಹಸಿದು ಎದ್ದ ಹುಳುಗಳಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಬರೆಯುತ್ತ ಕೂರಬೇಕಿತ್ತೇ, ತಾಯಿ?”